ತೋಟಕ್ಕೆ ಮುಂಗಡ ಕೊಡುವ ಮುನ್ನ ಪಾಸ್‌ಪೋರ್ಟ್ ತೆರೆದು ನೋಡಿ

ಮಿಷಿಗನ್‌ನಲ್ಲಿ ಮೂವತ್ತೊಂದು ವರ್ಷ ದುಡಿದು ಮೈಸೂರಿಗೆ ಮರಳುವಾಗ ನನ್ನ ಕಣ್ಣಲ್ಲಿದ್ದುದು ನಂಜನಗೂಡಿನ ಬಳಿಯ ಎರಡು ಎಕರೆ ತೆಂಗಿನ ತೋಟ. ದಲ್ಲಾಳಿ ತಂದ ಪಹಣಿಯಲ್ಲಿ ‘ಬಾಗಾಯ್ತು’ ಎಂದಿದ್ದ ಕಡೆ ವಕೀಲರು ಬೆರಳಿಟ್ಟು, “ಅಮ್ಮಾ, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?” ಎಂದು ಕೇಳಿದರು. ಅಮೆರಿಕದ್ದು ಎಂದೆ. ಅವರು ಪಹಣಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

ಕೃಷಿಕಳಲ್ಲದಿದ್ದರೂ ತೋಟ ಕೊಳ್ಳಬಹುದು ಎಂದಿದ್ದ ದಲ್ಲಾಳಿ ಸುಳ್ಳು ಹೇಳಿರಲಿಲ್ಲ. 2020ರ ತಿದ್ದುಪಡಿಯಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ ಕೃಷಿಕರಲ್ಲದವರನ್ನು ತಡೆಯುತ್ತಿದ್ದ 79ಎ, 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಆ ಸಡಿಲಿಕೆ ವಿದೇಶಿ ಪಾಸ್‌ಪೋರ್ಟಿನ ನಮಗೆ ದಕ್ಕುವುದಿಲ್ಲ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡಿನವರು ಮನೆ, ಫ್ಲಾಟ್, ಅಂಗಡಿ ಮಳಿಗೆ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಇದು ಕೇಂದ್ರದ ನಿಯಮ. 2021ರ ಮಾರ್ಚ್ 4ರ ಅಧಿಸೂಚನೆಯಲ್ಲೂ ಇದೆ. ಜಮೀನನ್ನು ದಾನಪತ್ರದ ಮೂಲಕ ಪಡೆಯಲೂ ದಾರಿಯಿಲ್ಲ. ವಾರಸಿಕೆಯಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ‘ತಮ್ಮನ ಹೆಸರಿನಲ್ಲಿ ಕೊಂಡುಬಿಡಿ, ದುಡ್ಡು ನಿಮ್ಮದೇ ಇರಲಿ’ ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಅದು ಬೇನಾಮಿಯೆಂದು ತೀರ್ಮಾನವಾದರೆ ತೋಟವೂ ಹೋಗುತ್ತದೆ, ತಮ್ಮನೂ ಕಟಕಟೆ ಹತ್ತಬೇಕಾಗುತ್ತದೆ.

ಕೊನೆಗೆ ನಾನು ಕುವೆಂಪುನಗರದಲ್ಲಿ ಮನೆ ಕೊಂಡೆ. ಋಣಭಾರ ಪತ್ರ (ಇ.ಸಿ.), ಖಾತೆ, ಮೂಲಪತ್ರಗಳನ್ನು ಎಲ್ಲರೂ ನೋಡುತ್ತಾರೆ. ಮಾರುವವರು ಎಲ್ಲಿ ವಾಸವಾಗಿದ್ದಾರೆಂಬುದನ್ನೂ ಕೇಳಿ. ನನಗೆ ಮಾರಿದವರು ದುಬೈನಲ್ಲಿದ್ದರು. ಇಲ್ಲಿನ ನಿವಾಸಿಯಿಂದ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮನೆ ಕೊಂಡರೆ ಕೊಡುವ ಹಣದಲ್ಲಿ ಶೇ. 1 ತೆರಿಗೆ (ಟಿಡಿಎಸ್) ಹಿಡಿದು ಇಲಾಖೆಗೆ ಕಟ್ಟಿದರೆ ಸಾಕು. ಅನಿವಾಸಿಯಿಂದ ಕೊಳ್ಳುವಾಗ ಆ ಲೆಕ್ಕ ನಡೆಯುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಹಿಡಿಯಬೇಕು. ಕಡಿಮೆ ಹಿಡಿಯಬೇಕಾದರೆ ಮಾರುವವರು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರಬೇಕು. ಹಿಡಿಯದಿದ್ದರೆ ಇಲಾಖೆ ಬರುವುದು ಕೊಂಡವರ ಬಾಗಿಲಿಗೆ. ಹಣವನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಬ್ಯಾಂಕ್ ಮೂಲಕವೇ ಕೊಟ್ಟು, ಆ ಕಾಗದಗಳನ್ನು ಕ್ರಯಪತ್ರದ ಜೊತೆಗೇ ಇಡಿ. ಮುಂದೆ ಮನೆ ಮಾರಿ ಹಣವನ್ನು ಹೊರಗೆ ಒಯ್ಯುವ ದಿನ ಬ್ಯಾಂಕು ಕೇಳುವುದು ಅದನ್ನೇ.

ಊರಿಗೆ ಮರಳುವ ತಾರೀಕನ್ನೂ ಯೋಚಿಸಿ ಗೊತ್ತುಮಾಡಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು ತೆರಿಗೆಯ ಲೆಕ್ಕದಲ್ಲಿ ನಿವಾಸಿ. ಆದರೆ ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ ‘ಸಾಮಾನ್ಯ ನಿವಾಸಿಯಲ್ಲದ’ ಸ್ಥಾನ ಸಿಗುತ್ತದೆ. ಅದು ಸಾಮಾನ್ಯವಾಗಿ ಎರಡು ವರ್ಷವಾದರೂ ಇರುತ್ತದೆ. ಆ ಅವಧಿಯಲ್ಲಿ ಹೊರದೇಶದ ಬಡ್ಡಿ, ಡಿವಿಡೆಂಡ್‌ಗೆ ಇಲ್ಲಿ ತೆರಿಗೆಯಿಲ್ಲ. ಅಲ್ಲಿನ ಷೇರು ಮಾರುವುದಿದ್ದರೆ ಆಗಲೇ ಮುಗಿಸಿಬಿಡಿ. ಆಮೇಲೆ ಅಲ್ಲಿನ ಒಂದೊಂದು ಖಾತೆಯನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಲೇಬೇಕು.

ಅಮೆರಿಕದ ಪ್ರಜೆಗಳು ಎಲ್ಲಿದ್ದರೂ ಅಲ್ಲಿಗೂ ರಿಟರ್ನ್ ಸಲ್ಲಿಸಬೇಕು. ಅಮೆರಿಕ ಸರ್ಕಾರ ಕೊಡುವ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿ ಹಣಕ್ಕೆ ಎರಡು ದೇಶಗಳ ತೆರಿಗೆ ಒಪ್ಪಂದದ 20ನೇ ವಿಧಿಯ ಪ್ರಕಾರ ಅಮೆರಿಕದಲ್ಲಿ ಮಾತ್ರ ತೆರಿಗೆ, ಇಲ್ಲಿ ಕಟ್ಟಬೇಕಿಲ್ಲ. ಆದರೆ ಇಲ್ಲಿನ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಅಮೆರಿಕಕ್ಕೆ ಸಲ್ಲಿಸಬೇಕು. ನಮ್ಮ ಬ್ಯಾಂಕಿನಲ್ಲಿ ಮ್ಯೂಚುವಲ್ ಫಂಡ್ ಅರ್ಜಿ ಮುಂದಿಟ್ಟಾಗ ನಾನು ಸಹಿ ಹಾಕಲಿಲ್ಲ. ಭಾರತದ ಫಂಡ್‌ಗಳಿಗೆ ಅಮೆರಿಕದಲ್ಲಿ ಬೇರೆಯೇ ಬಿಗಿ ನಿಯಮವಿದೆ, ಲಾಭದ ದೊಡ್ಡ ಪಾಲನ್ನು ತೆರಿಗೆ ನುಂಗಬಹುದು. ಅದರ ಬದಲು ಮುದ್ದತಿ ಠೇವಣಿ ಇಟ್ಟೆ.

ಹಿತ್ತಲಿನಲ್ಲಿ ಎರಡು ತೆಂಗಿನ ಸಸಿ ನೆಟ್ಟಿದ್ದೇನೆ. ಈ ವರ್ಷ ಮೊದಲ ಹೊಂಬಾಳೆ ಬಿಟ್ಟಿದೆ.