ವಿವಾದದ ತಿಂಗಳುಗಳಲ್ಲಿ ಕಡಿತವಾದ ಸಂಬಳವನ್ನು ನಾನು ಮರಳಿ ಪಡೆದ ಬಗೆ

ಆಡಳಿತದೊಂದಿಗೆ ಜಗಳ ನಡೆಯುತ್ತಿರುವಾಗ ದಿನದಿನದ ಲೆಕ್ಕ ಬರೆದಿಟ್ಟು ಲಿಖಿತವಾಗಿ ಕೇಳಿದರೆ ಹಣ ವಾಪಸ್ ಬರುತ್ತದೆ ಎಂದು ವಿಮಾನದ ಕ್ಯಾಬಿನ್ ಸಿಬ್ಬಂದಿಯಾದ ನಾನು ಹೇಳಿದಾಗ, ನಾವು ಹಾರಾಟಕ್ಕೆ ಹೊರಡುವ ಬೆಂಗಳೂರು ಬೇಸ್‌ನಲ್ಲಿ ನಂಬಿದವರು ಬೆರಳೆಣಿಕೆಯಷ್ಟು. ಒಬ್ಬಂಟಿಯಾಗಿ ಪತ್ರ ಬರೆದವರ ಹೆಸರು ಮೊದಲು ಆಡಳಿತದ ಕಪ್ಪುಪಟ್ಟಿಗೆ ಸೇರುತ್ತದೆ ಎಂಬುದು ಹಿರಿಯರ ಎಚ್ಚರಿಕೆಯಾಗಿತ್ತು. ಕಡಿತವಾದ ಸುಮಾರು 26 ಸಾವಿರದಲ್ಲಿ 19 ಸಾವಿರದಷ್ಟು ಎರಡು ಕಂತುಗಳಲ್ಲಿ ನನ್ನ ಖಾತೆಗೆ ಬಂದಿದೆ. ಈಗ ಅದೇ ಹಿರಿಯರು ನನ್ನ ಲೆಕ್ಕದ ಪುಸ್ತಕದ ನಕಲು ಕೇಳುತ್ತಿದ್ದಾರೆ.

ನಮ್ಮಲ್ಲಿ ಎಲ್ಲರೂ ಹೆದರಿದ್ದು ಮುಷ್ಕರದ ದಿನದ ಸಂಬಳ ಹೋಗುತ್ತದೆ ಎಂದು. ಅದರಲ್ಲಿ ವಾದಿಸುವುದಕ್ಕೆ ಹೆಚ್ಚೇನೂ ಇಲ್ಲ. ಕೆಲಸ ಮಾಡದ ದಿನದ ವೇತನವನ್ನು ಹಿಡಿಯಬಹುದೆಂದು ಸುಪ್ರೀಂ ಕೋರ್ಟ್ 1990ರ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಲ್ಲೇ ಹೇಳಿದೆ. ನಿಜವಾದ ಪೆಟ್ಟು ಬೀಳುವುದು ರೋಸ್ಟರ್‌ನಲ್ಲಿ, ಅಂದರೆ ಯಾರು ಯಾವತ್ತು ಹಾರಬೇಕೆಂಬ ಕೆಲಸದ ಪಟ್ಟಿಯಲ್ಲಿ. ನನ್ನ ನಿಗದಿತ ಸಂಬಳ ಸುಮಾರು 31 ಸಾವಿರ, ಎಪ್ಪತ್ತು ಗಂಟೆ ಹಾರಿದ ತಿಂಗಳಲ್ಲಿ ಅದರ ಮೇಲೆ ಹೆಚ್ಚುಕಡಿಮೆ ಅಷ್ಟೇ ಫ್ಲೈಯಿಂಗ್ ಅಲೋಯೆನ್ಸ್, ಅಂದರೆ ಹಾರಿದ ಗಂಟೆಗಳಿಗೆ ಸಿಗುವ ಭತ್ಯೆ. ಗಂಟೆಯ ದರ ಮತ್ತು ಬೇರೆ ಊರಿನಲ್ಲಿ ತಂಗುವ ಲೇಓವರ್ ಕೊಠಡಿಗಳ ವಿಷಯದಲ್ಲಿ ಮಾತುಕತೆ ಮುರಿದುಬಿದ್ದ ಮೇಲೆ ನನ್ನ ಹಾರಾಟ ಮೂವತ್ತು ಗಂಟೆಗೆ ಇಳಿಯಿತು, ಉಳಿದ ದಿನಗಳೆಲ್ಲ ಕರೆ ಬಂದರೆ ಹೊರಡಲು ಕಾಯುವ ಸ್ಟ್ಯಾಂಡ್‌ಬೈ ಆದವು. ಯಾರೂ ಆದೇಶ ಹೊರಡಿಸಲಿಲ್ಲ, ಆದರೂ ಮನೆಗೆ ಬರುವ ಹಣ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು.

ಬೇಡಿಕೆ ಪತ್ರಕ್ಕೆ ನಾನೂ ಸಹಿ ಹಾಕಿದ್ದೆ, ಆದರೆ ಎಲ್ಲರೂ ಒಟ್ಟಿಗೆ ಹುಷಾರಿಲ್ಲವೆಂದು ರಜೆ ಹಾಕುವ ಸಾಮೂಹಿಕ ಸಿಕ್ ಕಾಲ್‌ಗೆ ಒಪ್ಪಲಿಲ್ಲ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಹೀಗೆ ಮಾಡಿದಾಗ 25 ಮಂದಿಗೆ ವಜಾ ಪತ್ರ ಬಂದಿತ್ತು. ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಸಂಧಾನವಾದ ಮೇಲೆ ಅವನ್ನು ಹಿಂಪಡೆಯಲಾಯಿತು. ವಿಮಾನಯಾನ ಸಾರ್ವಜನಿಕ ಉಪಯುಕ್ತ ಸೇವೆಯಾದ್ದರಿಂದ, ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ನೋಟಿಸ್ ಕೊಟ್ಟು 14 ದಿನ ಕಳೆಯುವ ಮೊದಲು ಅಥವಾ ಸಂಧಾನ ನಡೆಯುತ್ತಿರುವಾಗ ಮುಷ್ಕರ ಹೂಡುವಂತಿರಲಿಲ್ಲ. ಆದ್ದರಿಂದ ನಾನು ಪ್ರತಿ ಸ್ಟ್ಯಾಂಡ್‌ಬೈ ದಿನ ಬೆಳಿಗ್ಗೆ ಕರ್ತವ್ಯಕ್ಕೆ ಸಿದ್ಧಳಿದ್ದೇನೆ ಎಂದು ಸಿಬ್ಬಂದಿಯ ಕರ್ತವ್ಯ ನೋಡಿಕೊಳ್ಳುವ ಕ್ರೂ ಕಂಟ್ರೋಲ್‌ಗೆ ಇಮೇಲ್ ಕಳಿಸಿದೆ. ಅದರ ಎರಡನೆಯ ಸಾಲಿನಲ್ಲಿ ಏನಿತ್ತೆಂದು ಇಲ್ಲಿ ಬರೆಯಲಾರೆ. ಕೆಲವು ಗೆಳತಿಯರ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ.

ಪುಸ್ತಕವೆಂದರೆ ಉದ್ದ ರೂಲ್‌ನ ಸಾಮಾನ್ಯ ನೋಟ್‌ಬುಕ್. ಒಂದು ಸಾಲು ಹೀಗಿದೆ: ಬೆಂಗಳೂರು–ಗುವಾಹಟಿ, ಪಿಕಪ್ 3.40, ಚಾಕ್ಸ್ ಆಫ್ 6.10, ಚಾಕ್ಸ್ ಆನ್ 9.05, ಪೇಸ್ಲಿಪ್‌ನಲ್ಲಿ 2.40. ಚಾಕ್ಸ್ ಆಫ್ ಎಂದರೆ ವಿಮಾನ ನಿಲುಗಡೆಯಿಂದ ಹೊರಟ ವೇಳೆ, ಚಾಕ್ಸ್ ಆನ್ ಎಂದರೆ ಮತ್ತೆ ಬಂದು ನಿಂತ ವೇಳೆ, ನಡುವೆ 2 ಗಂಟೆ 55 ನಿಮಿಷ. ಅಂದರೆ ಒಂದೇ ಸೆಕ್ಟರ್‌ನಲ್ಲಿ, ಒಂದೇ ಹಾರಾಟದಲ್ಲಿ, ಕಾಲು ಗಂಟೆ ಕಾಣೆ. ನಿಗದಿತ ವೇಳೆಗೆ ಹಣ ಕೊಟ್ಟು ನಿಜವಾಗಿ ಹಾರಿದ ವೇಳೆಯನ್ನು ಬಿಟ್ಟಿದ್ದರು. ಇದಕ್ಕಿಂತ ದೊಡ್ಡ ಮೊತ್ತ ಎಲ್‌ಡಬ್ಲ್ಯುಪಿ (ವೇತನವಿಲ್ಲದ ರಜೆ) ಎಂಬ ಸಾಲಿನಲ್ಲಿ ಅಡಗಿತ್ತು: ಸಿಕ್ ಕಾಲ್‌ನ ವಾರದಲ್ಲಿ ನನ್ನ ಸ್ಟ್ಯಾಂಡ್‌ಬೈ ದಿನಗಳನ್ನೂ ನಡುವಿನ ವಾರದ ರಜೆಯನ್ನೂ ಒಟ್ಟಿಗೆ ಗೈರುಹಾಜರಿ ಎಂದು ಹಿಡಿದಿದ್ದರು. ದಿನಾಂಕವಾರು ಪಟ್ಟಿ, ಇಮೇಲ್‌ಗಳು ಮತ್ತು ರೋಸ್ಟರ್‌ನ ಸ್ಕ್ರೀನ್‌ಶಾಟ್‌ಗಳನ್ನು ಜೋಡಿಸಿ ಮೊದಲು ಪೇರೋಲ್‌ಗೆ ಕಳಿಸಿದೆ. ಆರೇಳು ವಾರ ಉತ್ತರವಿಲ್ಲ. ಮತ್ತೆ ಎಚ್‌ಆರ್‌ಗೆ ಕಳಿಸಿದಾಗ ನಿಯಮದ ಪ್ರಕಾರವೇ ಆಗಿದೆ ಎಂಬ ಒಂದೇ ಸಾಲಿನ ಉತ್ತರ ಬಂತು. ಕೊನೆಗೆ ಅದೇ ಪಟ್ಟಿಯನ್ನು ಯೂನಿಯನ್ ಮೂಲಕ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಯ ಸಂಧಾನದ ಕಡತಕ್ಕೆ ಸೇರಿಸಿದೆವು, ಮುಂದಿನ ತಿಂಗಳೇ ಮೊದಲ ಕಂತು ಬಂತು.

ಅಲ್ಲಿಯವರೆಗೆ ಮನೆ ನಡೆಯಬೇಕಲ್ಲ. ಯಲಹಂಕದ ಬಾಡಿಗೆ ಮತ್ತು ಸ್ಕೂಟರ್‌ನ ಇಎಂಐ ಸೇರಿ 20 ಸಾವಿರ ದಾಟುತ್ತಿತ್ತು. ಒಂದು ಲಕ್ಷದ ಚೀಟಿಯನ್ನು ಆರಂಭದಲ್ಲೇ ಕೂಗಿ ಎತ್ತಿದೆ. ಕೈಗೆ ಸಿಕ್ಕಿದ್ದು 76 ಸಾವಿರದಷ್ಟು, ತುರ್ತು ಖರ್ಚಿಗೆ ಅದು ತುಂಬ ದುಬಾರಿಯಾಯಿತು. ಬ್ಯಾಂಕಿನವರು ಕಂತು ಮುಂದೂಡಲು ಒಪ್ಪಲಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರೂವರೆ ಶೇಕಡಾ ಬಡ್ಡಿ ಬೀಳುತ್ತಿದ್ದಾಗ ಎರಡು ಬಳೆ ಅಡವಿಟ್ಟು ವರ್ಷಕ್ಕೆ ಹತ್ತು ಶೇಕಡಾದ ಒಳಗಿನ ಬಡ್ಡಿಗೆ ಸಾಲ ತಂದು ಕಾರ್ಡ್ ತೀರಿಸಿದ್ದೇ ಸರಿಹೋಯಿತು. ಬಳೆ ಅಡವಿಡುವುದಕ್ಕೆ ಅತ್ತೆಯವರು ಬೇಸರಪಟ್ಟರು, ಬಡ್ಡಿಯ ಲೆಕ್ಕ ತೋರಿಸಿದ ಮೇಲೆ ಒಪ್ಪಿದರು. ನಡುವೆ ಗ್ರೂಮಿಂಗ್ ತರಗತಿ ನಡೆಸಲು ಪ್ರಯತ್ನಿಸಿದೆ, ಒಪ್ಪಂದದ ಪ್ರಕಾರ ಅನುಮತಿ ಬೇಕಿತ್ತು, ಅದು ಬರಲೇ ಇಲ್ಲ. ಈಗ ನಿಗದಿತ ಸಂಬಳದಲ್ಲೇ ಮನೆ ನಡೆಸುತ್ತೇನೆ. ಫ್ಲೈಯಿಂಗ್ ಅಲೋಯೆನ್ಸ್ ಬೇರೆ ಖಾತೆಗೆ ಹೋಗುತ್ತದೆ.

ಆಗ ಹಲವರು 1936ರ ವೇತನ ಪಾವತಿ ಕಾಯ್ದೆಯನ್ನು ಉಲ್ಲೇಖಿಸುತ್ತಿದ್ದರು, ಆದರೆ ಅದರ ವೇತನ ಮಿತಿ ತಿಂಗಳಿಗೆ 24 ಸಾವಿರವಾದ್ದರಿಂದ ನಮ್ಮಂಥವರಿಗೆ ಉಪಯೋಗವಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಆ ಮಿತಿ ಇಲ್ಲ, ಕಡಿತಗಳ ಒಟ್ಟು ಮೊತ್ತ ವೇತನದ ಅರ್ಧವನ್ನು ಮೀರುವಂತಿಲ್ಲ. ಉಳಿದ ಏಳು ಸಾವಿರದಲ್ಲಿ ಹೆಚ್ಚಿನದು ಆ ಕಾಲು ಗಂಟೆಗಳದ್ದೇ. ಅದಕ್ಕೆ ಚಾಕ್ಸ್ ವೇಳೆಯ ದಾಖಲೆ ಕೇಳಿ ಹೊಸ ಅರ್ಜಿ ಕೊಟ್ಟಿದ್ದೇನೆ.