ಮಗ ನವೋದಯದಲ್ಲಿ ನಿಂತ: ನಮ್ಮ ಮೂರು ವರ್ಷದ ಅನುಭವ

"ಇನ್ನೊಂದು ಸಲ ಹಾಸ್ಟೆಲ್ ಸಹವಾಸ ಬೇಡ, ವಾರದಲ್ಲೇ ಓಡಿ ಬರ್ತಾನೆ ನೋಡು" ಅಂತ ಅಡಿಕೆ ಮಂಡಿಯಲ್ಲಿ ಕೂತವರೆಲ್ಲ ಹೇಳಿದ್ದರು. ಮಗ ಈಗ ಶಿವಮೊಗ್ಗ ಹತ್ತಿರದ ಗಾಜನೂರು ನವೋದಯದಲ್ಲಿ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯಲ್ಲಿ, ಹತ್ತನೇ ತರಗತಿ.

ಅವರು ಸುಮ್ನೆ ಹೇಳಿದ್ದಲ್ಲ. ಏಳನೇ ತರಗತಿಗೆ ಒಂದು ಖಾಸಗಿ ವಸತಿ ಶಾಲೆಗೆ ಹಾಕಿದ್ದೆ. ಜೂನ್‌ನಲ್ಲಿ ಸುಮಾರು 90 ಸಾವಿರ ಕಟ್ಟಿದೆ. ನಲವತ್ತು ದಿನಕ್ಕೆ ವಾಪಸ್ ಕರೆದುಕೊಂಡು ಬಂದೆ. ಟ್ರಂಕು, ಹಾಸಿಗೆ ಸಿಕ್ಕಿತು, ದುಡ್ಡು ಹೋಯಿತು. ನಾನು ಶಾಲೆ ಹುಡುಕಿದ್ದೆ, ಹುಡುಗನನ್ನು ತಯಾರು ಮಾಡಿರಲಿಲ್ಲ. ಅಲ್ಲಿಯತನಕ ಅವನು ಒಂದು ಬನಿಯನ್ನೂ ಒಗೆದವನಲ್ಲ.

ಆಮೇಲೆ ನವೋದಯದ ಒಂಬತ್ತನೇ ತರಗತಿ ಪ್ರವೇಶಕ್ಕೆ ಕೈ ಹಾಕಿದೆ. ಖಾಲಿ ಬಿದ್ದ ಸೀಟಷ್ಟೇ ಸಿಗುವುದು, ಪೈಪೋಟಿ ಜಾಸ್ತಿ. ಕೋಚಿಂಗ್‌ಗೆ ಹದಿನೆಂಟು ಸಾವಿರ ಹೋಯಿತು. ಎರಡು ತಿಂಗಳಾದ ಮೇಲೆ ನೋಟ್ಸ್ ತೆಗೆದು ನೋಡಿದರೆ ಬರೀ ಮೆಂಟಲ್ ಎಬಿಲಿಟಿ! ಅದು ಆರನೇ ತರಗತಿ ಪರೀಕ್ಷೆಗೆ. ಒಂಬತ್ತಕ್ಕೆ ಗಣಿತ 35 ಅಂಕ, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಅವತ್ತೇ ಬಿಡಿಸಿದೆ. ಹಳೇ ಪ್ರಶ್ನೆಪತ್ರಿಕೆ ತಂದು ರಾತ್ರಿ ನಾನೇ ಕೂತೆ.

ಹಿಂದಿಗೆ ಒಂದು ಪ್ರಯೋಗ ಮಾಡಿದೆವು. ಕ್ರಿಕೆಟ್ ಕಾಮೆಂಟರಿಯನ್ನು ಹಿಂದಿಯಲ್ಲೇ ಕೇಳುವುದು. ಕಿವಿಗೆ ಭಾಷೆ ಬಿತ್ತು, ಕಾಗುಣಿತ ಬರಲಿಲ್ಲ. ದಿನಾ ಹತ್ತು ಸಾಲು ಉಕ್ತಲೇಖನ ಶುರು ಮಾಡಿದ ಮೇಲೆ ದಾರಿಗೆ ಬಂತು.

ಓದಿಗಿಂತ ಹಾಸ್ಟೆಲ್ ತಯಾರಿಯೇ ದೊಡ್ಡದು. ಜನವರಿಯಿಂದ ಅವನ ಬಟ್ಟೆ, ತಟ್ಟೆ ಅವನದೇ. ಬೆಳಿಗ್ಗೆ ಐದೂವರೆಗೆ ಏಳಬೇಕು. ಮೊದಲು ಅಜ್ಜಿ ಮನೆಯಲ್ಲಿ ಮೂರು ರಾತ್ರಿ, ಆಮೇಲೆ ಹತ್ತು, ಬೇಸಿಗೆಯಲ್ಲಿ ಒಂದು ತಿಂಗಳು. ನಾವು ಫೋನ್ ಮಾಡುತ್ತಿರಲಿಲ್ಲ. ಮೊಬೈಲ್ ಹುಚ್ಚು ಬಿಡಿಸಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ. ಮಗಳ ಮೇಲೂ ಅದನ್ನೇ ಮಾಡಬೇಕಿದೆ.

ಸೇರಿದ ಮೊದಲ ತಿಂಗಳು ಅತ್ತ. ಮೊದಲ ಭೇಟಿಗೆ ನಾನೊಬ್ಬನೇ ಹೋದೆ, ಅವನಮ್ಮನನ್ನು ಬಿಟ್ಟು. ಒಂದು ಕೆಜಿ ಚಟ್ನಿಪುಡಿ ಕೊಟ್ಟೆ, ರೂಮಿನವರಿಗೆಲ್ಲ ಹಂಚು ಅಂದೆ. ಎರಡನೇ ಭೇಟಿ ಹೊತ್ತಿಗೆ ಅವನ ಸುತ್ತ ನಾಲ್ಕು ಹುಡುಗರಿದ್ದರು. ಒಬ್ಬ ಮೈಗ್ರೇಷನ್‌ನಲ್ಲಿ, ಅಂದರೆ ನವೋದಯಗಳು ಒಂಬತ್ತನೇ ತರಗತಿ ಮಕ್ಕಳನ್ನು ಅದಲು ಬದಲು ಮಾಡುವ ಪದ್ಧತಿಯಲ್ಲಿ, ಹಿಂದಿ ನಾಡಿನ ನವೋದಯದಿಂದ ಒಂದು ವರ್ಷಕ್ಕೆ ಬಂದವನು. ಹಿಂದಿಯ ಚಿಂತೆ ಅಲ್ಲಿಗೆ ಮುಗಿಯಿತು.

ಖರ್ಚು ತಿಂಗಳಿಗೆ 600 ರೂಪಾಯಿ, ವಿಕಾಸ ನಿಧಿ ಅಂತ ಶಾಲೆಗೆ ಕಟ್ಟುವ ಶುಲ್ಕ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಊಟ, ಪುಸ್ತಕ, ಯೂನಿಫಾರಂ ಎಲ್ಲ ಶಾಲೆಯದೇ. ಗಣಿತ ಐವತ್ತರ ಆಸುಪಾಸಿನಿಂದ ಎಂಬತ್ತು ದಾಟಿದೆ. ನನಗೆ ಅದಕ್ಕಿಂತ ಖುಷಿ ಕೊಟ್ಟಿದ್ದು ದಸರಾ ರಜೆಯಲ್ಲಿ. ಊಟಕ್ಕೆ ಕೂತವನು ಎದ್ದು ಮೊದಲು ಅಜ್ಜಿಗೆ ಬಡಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ಮಗಳು ಈಗ ಐದನೇ ತರಗತಿ. ನವೋದಯದ ಆರನೇ ತರಗತಿ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಹೋದ ಭಾನುವಾರ ಅವಳಿಗೂ ಬಟ್ಟೆ ಒಗೆಯಲು ಒಂದು ಪುಟ್ಟ ಬಕೆಟ್ ತಂದಿದ್ದೇನೆ.