ಏಳು ದಿನದ ರಜೆ: ಹಿಂದಿನಿಂದ ಎಣಿಸುವ ಲೆಕ್ಕ

ಸೇನೆಯ ಟ್ರೇನಿಂಗ್ ಸೆಂಟರಿನಿಂದ ಮೊದಲ ಸಲ ಊರಿಗೆ ಬರುವ ಹುಡುಗರು ರಜೆ ಎಣಿಸುವುದು ಗೇಟು ದಾಟಿದ ದಿನದಿಂದ. ನಾನು ಎಣಿಸುತ್ತಿದ್ದುದು ವಾಪಸ್ ಹಾಜರಾಗಬೇಕಾದ ಗಂಟೆಯಿಂದ ಹಿಂದಕ್ಕೆ. ರಂಗ್ರೂಟ್ (ತರಬೇತಿಯಲ್ಲಿರುವ ಹೊಸ ಸಿಪಾಯಿ) ಆಗಿದ್ದಾಗ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಗೆ ಹೀಗೆಯೇ ಬಂದು ಹೋಗಿದ್ದೇನೆ, ಮುಂದೆ ತರಬೇತಿ ಕೊಡುವ ಉಸ್ತಾದ್ ಆದಾಗ ಹುಡುಗರಿಗೂ ಇದನ್ನೇ ಹೇಳಿ ಕಳಿಸಿದ್ದೇನೆ. ಬೇಸಿಕ್ ತರಬೇತಿ ಮುಗಿದು ಅಡ್ವಾನ್ಸ್ ತರಬೇತಿ ಶುರುವಾಗುವ ನಡುವೆ ಸಿಗುವ ಈ ರಜೆ ಎಲ್ಲ ಸೆಂಟರಿನಲ್ಲೂ ಒಂದೇ ಅಲ್ಲ. ಏಳು ದಿನ ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಲೀವ್ ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಗಂಟೆಯೊಳಗೆ ಹಾಜರು, ರಜೆಯ ವಿಳಾಸ ಸರಿಯಿದೆಯೇ, ಸೀಲು ಬಿದ್ದಿದೆಯೇ. ಇದರ ಎರಡು ಜೆರಾಕ್ಸ್ ಮಾಡಿ ಒಂದನ್ನು ಮನೆಯಲ್ಲಿಡಿ. ಕಂಪನಿ ಆಫೀಸಿನ ಮತ್ತು ಸಿಎಚ್‌ಎಂ (ಕಂಪನಿ ಹವಾಲ್ದಾರ್ ಮೇಜರ್) ಸಾಹೇಬರ ನಂಬರನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ, ಮೊಬೈಲೂ ಸಾಯುತ್ತದೆ. ಆಗ ಪೇಟೆಗೆ ಹೋಗಿ ಯಾರದೋ ಫೋನಿನಿಂದ ಮಾತಾಡಲು ನೆರವಾಗುವುದು ಆ ಚೀಟಿಯೇ.

ಟಿಕೆಟ್ ತೆಗೆಯುವಾಗ ವಾಪಸ್ ಟಿಕೆಟ್ ಮೊದಲು. ರಜೆ ಮಂಜೂರಾಗುವುದು ತಡವಾಗಿ, ರೈಲಿನ ರಿಸರ್ವೇಶನ್ ತೆರೆಯುವುದು 60 ದಿನ ಮುಂಚೆ. ಅಷ್ಟೊತ್ತಿಗೆ ವೇಟಿಂಗ್ ಲಿಸ್ಟ್ ಬೆಳೆದಿರುತ್ತದೆ. ಬರುವಾಗ ಬಸ್ಸಿನಲ್ಲಿ ಕೂತೋ ನಿಂತೋ ಬರಬಹುದು, ಹೋಗುವಾಗ ಹಾಗಲ್ಲ. ಬೆಂಗಳೂರಿನ ಸೆಂಟರುಗಳಿಗೆ ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು ಅನುಕೂಲ. ಸಾಗರ, ಆನಂದಪುರ, ಶಿವಮೊಗ್ಗ, ಭದ್ರಾವತಿ ಎಲ್ಲಿ ಹತ್ತಿದರೂ ಬೆಳಗಿನ ಜಾವಕ್ಕೆ ಬೆಂಗಳೂರು. ಆದರೆ ಹಾಜರಾತಿ ಸೋಮವಾರ ಸಂಜೆ ಅಂತಿದ್ದರೆ ಭಾನುವಾರ ರಾತ್ರಿಯ ರೈಲನ್ನು ನೆಚ್ಚಬೇಡಿ, ಶನಿವಾರದ್ದನ್ನೇ ಹಿಡಿಯಿರಿ. ಮರ ಬಿದ್ದು ಹಳಿ ಕಟ್ಟಿದರೆ ಅಥವಾ ಸಾಗರಕ್ಕೆ ಬರುವ ಬಸ್ಸೇ ತಪ್ಪಿದರೆ ಕೈಯಲ್ಲಿ ಇನ್ನೊಂದು ರಾತ್ರಿ ಉಳಿದಿರುತ್ತದೆ. ಬೆಳಗಾವಿಯ ಮರಾಠಾ ಸೆಂಟರಿನವರು ಹುಬ್ಬಳ್ಳಿ ಮೇಲೆ ಬಸ್ಸಿನಲ್ಲಿ ಓಡಾಡಬಹುದು. ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಲ್ ಸೆಂಟರಿಗೆ ಗುಂಡ್ಲುಪೇಟೆ, ಊಟಿ ಮಾರ್ಗವಾಗಿ ಹೋಗುವವರು ಒಂದು ಮಾತು ನೆನಪಿಡಿ: ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆ ತಡವಾಗಿ ಮೈಸೂರು ಬಿಟ್ಟವರು ಚೆಕ್‌ಪೋಸ್ಟಿನಲ್ಲಿ ಬೆಳಗು ಮಾಡಬೇಕಾಗುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಹುಡುಗರು ಲಾಂಚಿನ ಕೊನೆಯ ಟ್ರಿಪ್ ನೋಡಿ ಮನೆ ಬಿಡುವ ಕಾಲವೊಂದಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಆತಂಕ ತಪ್ಪಿದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ತಕ್ಕ ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 1950ರ ಸೇನಾ ಕಾಯ್ದೆಯ 39ನೇ ಸೆಕ್ಷನ್ನಿನಲ್ಲಿ ಅಪರಾಧ. ರಂಗ್ರೂಟಿಗೆ ಅದಕ್ಕಿಂತ ಬೇಗ ತಟ್ಟುವುದು ರೆಲಿಗೇಶನ್. ತಪ್ಪಿದ ಪಾಠ ಹೆಚ್ಚಾದರೆ ನಿಮ್ಮ ನಂತರ ಸೇರಿದ ಬ್ಯಾಚಿಗೆ ತಳ್ಳುತ್ತಾರೆ, ಜೊತೆಯವರು ತರಬೇತಿ ಮುಗಿಸಿ ಪ್ರಮಾಣ ಮಾಡುವ ಕಸಮ್ ಪೆರೇಡ್ ಮುಗಿಸುವಾಗ ನೀವಿನ್ನೂ ಗ್ರೌಂಡಿನಲ್ಲಿರುತ್ತೀರಿ. ಕಾಯಿಲೆ ಬಿದ್ದರೆ ರಜೆ ಮುಗಿಯುವ ಮೊದಲೇ ಫೋನ್ ಮಾಡಬೇಕು, ಮುಗಿದ ಮೇಲಲ್ಲ. ನಮ್ಮ ಜಿಲ್ಲೆಯಲ್ಲಿ ಮಿಲಿಟರಿ ಆಸ್ಪತ್ರೆ ಇಲ್ಲ. ಆದ್ದರಿಂದ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಹೋಗಿ ತಾರೀಕು, ಸಹಿ, ಸೀಲು ಇರುವ ಚೀಟಿ ತೆಗೆದುಕೊಳ್ಳಿ. ಪರಿಚಯದ ಕ್ಲಿನಿಕ್ಕಿನ ಬಿಳಿ ಹಾಳೆ ಕಂಪನಿಯಲ್ಲಿ ನಡೆಯುವುದು ಕಷ್ಟ.

ಕಾಗದಪತ್ರದ ಕೆಲಸವಿದ್ದರೆ ಮೊದಲ ಕೆಲಸದ ದಿನವೇ ಮುಗಿಸಿ. ನಮ್ಮಲ್ಲಿ ಪದೇಪದೇ ಎದುರಾಗುವ ತೊಡಕು ಇನಿಷಿಯಲ್ಲಿನದು. ಮಾರ್ಕ್ಸ್‌ ಕಾರ್ಡಿನಲ್ಲಿ ಒಂದೇ ಅಕ್ಷರ, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು. ಸೇನೆಯ ದಾಖಲೆಯಲ್ಲಿ ಯಾವ ಅಕ್ಷರವಿದೆಯೋ ಅದಕ್ಕೆ ಉಳಿದದ್ದು ಹೊಂದಬೇಕು. ಅಮ್ಮನ ಹೆಸರು, ಹುಟ್ಟಿದ ತಾರೀಕನ್ನೂ ನೋಡಿ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿ ಇರುವುದಿಲ್ಲ ಎಂಬುದನ್ನು ಏಳು ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಇನ್ನು ಹೊಟ್ಟೆ. ಲಂಗರಿನ (ಸೇನೆಯ ಅಡುಗೆಮನೆಯ) ರೊಟ್ಟಿ, ದಾಲ್‌ಗೆ ಒಗ್ಗಿದ ಹೊಟ್ಟೆಗೆ ಮೊದಲ ದಿನವೇ ಕಡುಬು, ಕೋಳಿ ಸಾರು, ಮೇಲೊಂದು ಲೋಟ ಕಬ್ಬಿನ ಹಾಲು ಬಿದ್ದರೆ ಎರಡು ದಿನ ಬಚ್ಚಲಿಗೂ ಜಗುಲಿಗೂ ಓಡಾಟ. ಅಮ್ಮ ಬಡಿಸಿದ್ದನ್ನು ಬೇಡ ಅನ್ನುವುದು ಯಾರಿಂದಲೂ ಆಗದು, ಅನ್ನಬೇಕಾಗಿಯೂ ಇಲ್ಲ. ಮೊದಲೆರಡು ದಿನ ಗಂಜಿ, ಒಂದೆಲಗದ ತಂಬುಳಿ ಎಂದು ಕೇಳಿ ಮಾಡಿಸಿಕೊಳ್ಳಿ, ಮೂರನೇ ದಿನದಿಂದ ಉಳಿದದ್ದೆಲ್ಲ ಉಣ್ಣಿ.

ಕಾಲಿಗೂ ಎರಡು ದಿನ ಬಿಡುವು ಕೊಡಿ. ಮೂರು, ನಾಲ್ಕು, ಐದನೇ ದಿನ ಬೆಳಿಗ್ಗೆ ಮೂರು–ನಾಲ್ಕು ಕಿಲೋಮೀಟರ್ ಹಗುರ ಓಟ, ಒಂದಿಷ್ಟು ಪುಷ್‌ಅಪ್, ಚಿನ್‌ಅಪ್ ಸಾಕು. ಒಂದು ವಾರದಲ್ಲಿ ದಮ್ಮು ಎಲ್ಲೂ ಹೋಗುವುದಿಲ್ಲ. ಮಲೆನಾಡಿನ ತೊಂದರೆ ಇಳಿಜಾರು. ಏರು ಹತ್ತುವುದರಿಂದ ಕೆಡುಕಿಲ್ಲ, ಇಳುಕಲಿನಲ್ಲಿ ಓಡಿದರೆ ಪ್ರತಿ ಹೆಜ್ಜೆಯ ಪೆಟ್ಟು ಮೊಣಕಾಲ ಕೆಳಗಿನ ಮೂಳೆಗೆ. ಇಳಿಯುವಾಗ ನಡೆಯಿರಿ. ಆ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತಿ ನೋಡಿ. ಒಂದು ಗೇಣಷ್ಟು ಉದ್ದಕ್ಕೂ ನೋವು ಹರಡಿದ್ದರೆ ಬಹುಮಟ್ಟಿಗೆ ವಿಶ್ರಾಂತಿಗೆ ಬಗ್ಗುವ ನೋವು. ಒಂದೇ ಕಡೆ, ಬೆರಳ ತುದಿ ಅಗಲದಲ್ಲಿ ಚುಚ್ಚಿದಂತಾಗಿ, ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗಬಹುದು, ಅಷ್ಟಕ್ಕೆ ನಿರಾಳರಾಗಬೇಡಿ. ಎಣ್ಣೆ ಹಾಕಿ ತಿಕ್ಕಿಸುವುದು, ನಾಟಿ ಪಟ್ಟು ಕಟ್ಟಿಸುವುದು ಬೇಡ. ವಾಪಸ್ ಹೋದ ದಿನವೇ ಎಂಐ ರೂಮಿನಲ್ಲಿ (ಸೆಂಟರಿನ ವೈದ್ಯಕೀಯ ತಪಾಸಣೆ ಕೋಣೆ) ಹೇಳಿ. ಮುಚ್ಚಿಟ್ಟು ಓಡಿದವರಿಗೆ ಬಿರುಕು ಹೋಗಿ ಪೂರ್ತಿ ಮುರಿತವಾಗಬಹುದು.

ನೆಂದ ಬೂಟನ್ನು ನಮ್ಮ ಮನೆಗಳಲ್ಲಿ ಒಣಗಿಸುವುದು ಬಚ್ಚಲ ಹಂಡೆಯ ಒಲೆ ಪಕ್ಕದಲ್ಲಿ. ಒಲೆಗೆ ತಾಗಿಸಿಟ್ಟರೆ ಚರ್ಮ ಹಪ್ಪಳದ ಹಾಗೆ ಸೆಟೆದು ಮಡಿಕೆಯಲ್ಲಿ ಸೀಳುತ್ತದೆ, ಸೋಲಿನ ಅಂಟೂ ಬಿಡುತ್ತದೆ. ಲೇಸು ಬಿಚ್ಚಿ, ನಾಲಿಗೆ ಹೊರಗೆಳೆದು, ಒಳಗಿನ ಇನ್‌ಸೋಲ್ ತೆಗೆದು ಬೇರೆ ಒಣಗಿಸಿ. ಹಳೇ ಪೇಪರನ್ನು ಉಂಡೆ ಮಾಡಿ ಬೂಟಿನ ತುದಿಯವರೆಗೆ ತುಂಬಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಒಲೆಯಿಂದ ಎರಡು ಮಾರು ದೂರವಿರಲಿ. ಜೋರು ಮಳೆಗಾಲದಲ್ಲಿ ಪೂರ್ತಿ ಒಣಗಲು ಎರಡು ದಿನ ಹಿಡಿಯುತ್ತದೆ. ಅಂದರೆ ಬೂಟು ತೊಳೆಯುವ ಕೊನೆಯ ದಿನ ಹೊರಡುವುದಕ್ಕೆ ಮೂರು ದಿನ ಮೊದಲು. ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡು ಹೋದರೆ ಸೆಂಟರಿನಲ್ಲಿ ಬಿಚ್ಚುವಾಗ ಬೂಷ್ಟು ಹಿಡಿದಿರುತ್ತದೆ.

ಇಲ್ಲಿಯವರೆಗಿನದ್ದು ಯಾವ ಊರಿನವರಿಗೂ ಸ್ವಲ್ಪ ಹೆಚ್ಚು ಕಡಿಮೆ ಹೊಂದುತ್ತದೆ. ಉಣುಗಿನ ಮಾತು ಮಾತ್ರ ನಮ್ಮದೇ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರದ ಅರಳಗೋಡು ಕಡೆ ಅದು ಎಷ್ಟು ಮನೆಗಳನ್ನು ಕಾಡಿತು ಎಂಬುದು ನಮಗೆಲ್ಲ ಗೊತ್ತು. ಚಳಿಗಾಲ ಶುರುವಾಗಿ ಬೇಸಿಗೆ ಮುಗಿಯುವವರೆಗೆ ಇದರ ಕಾಲ. ಅದೇ ಹೊತ್ತಿಗೆ ಅಡಿಕೆಯ ಕೊನೆ ಕೊಯ್ಲು, ಸೊಪ್ಪಿನ ಬೆಟ್ಟದ ಕೆಲಸ, ದರಕು (ಒಣಗಿದ ಎಲೆ) ಒಟ್ಟುವುದು. ರಜೆಗೆ ಬಂದ ಗಟ್ಟಿ ಹುಡುಗ ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ, ಅಪ್ಪನ ಜೊತೆ ಹೊರಡುತ್ತಾನೆ.

ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಇದನ್ನು ರಜೆಯ ಲೆಕ್ಕಕ್ಕೆ ಹಚ್ಚಿ ನೋಡಿ: ಐದನೇ ದಿನ ಕಾಡಿಗೆ ಹೋದವನಿಗೆ ಜ್ವರ ಏರುವುದು ಬ್ಯಾರಕ್ಕಿನಲ್ಲಿ. ಅಲ್ಲಿನ ಡಾಕ್ಟರಿಗೆ ಅವನು ಎಲ್ಲಿಂದ ಬಂದ ಎಂದು ಗೊತ್ತಿರುವುದಿಲ್ಲ. ಆದ್ದರಿಂದ ಆ ಕಾಲದಲ್ಲಿ ಬಂದವರು ಕಾಡಿನ ಕೆಲಸಕ್ಕೆ ಹೋಗದಿರುವುದೇ ಒಳ್ಳೆಯದು, ಮನೆಯವರಿಗೂ ಹಾಗೆಂದೇ ಬಿಡಿಸಿ ಹೇಳಿ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ಉಣುಗನ್ನು ದೂರವಿಡುವ ಆ ಡೇಪಾ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರೇ ರೂಪಿಸಿದ ಔಷಧಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಸೋಪಿಗೆ. ತೊಡೆಸಂದಿ, ಕಂಕುಳು, ಮೊಣಕಾಲ ಹಿಂಭಾಗ, ಕಿವಿಯ ಹಿಂದೆ ಬೆಳಕಿನಲ್ಲಿ ಹುಡುಕಿ. ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ. ಕಚ್ಚಿಕೊಂಡಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಬೀಡಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಬೇಡ.

ವಾಪಸ್ ಹೋದ ಎರಡು ವಾರದೊಳಗೆ ಜ್ವರ, ತಲೆಸಿಡಿತ, ಸೊಂಟ ಮುರಿದಂಥ ನೋವು ಬಂದರೆ ಎಂಐ ರೂಮಿನಲ್ಲಿ ಮೊದಲ ವಾಕ್ಯವೇ ಇದಾಗಿರಲಿ: "ನಾನು ಶಿವಮೊಗ್ಗ ಜಿಲ್ಲೆಯವನು, ಕಾಡಿಗೆ ಹೋಗಿದ್ದೆ." ಗದ್ದೆಯ ನೀರಿಗೆ ಇಳಿದಿದ್ದರೆ ಅದನ್ನೂ ಸೇರಿಸಿ, ಇಲಿಜ್ವರವೂ ಹೀಗೆಯೇ ಶುರುವಾಗುತ್ತದೆ. ಡಾಕ್ಟರ್ ನೋಡುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಪಕ್ಕದ ಮಂಚದವನು ಹೆದರುತ್ತಾನೆಂದು ಬಾಯಿ ಕಟ್ಟಿಕೊಳ್ಳುವ ಅಗತ್ಯವಿಲ್ಲ.

ಹೊರಡುವ ಹಿಂದಿನ ದಿನ ಕಟಿಂಗ್, ಬಟ್ಟೆ ಇಸ್ತ್ರಿ, ಬ್ಯಾಗು. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ನೆಟ್ಟಗೆ ನಿಲ್ಲಿಸಿ. ಯೂನಿಫಾರ್ಮಿನಿಂದ ಆ ಎಣ್ಣೆ ಹೋಗುವುದಿಲ್ಲ. ಐಡಿ ಕಾರ್ಡು, ಲೀವ್ ಸರ್ಟಿಫಿಕೇಟು ಬ್ಯಾಗಿನಲ್ಲಲ್ಲ, ಮೈಮೇಲಿನ ಜೇಬಿನಲ್ಲಿರಲಿ. ಗೇಟಿನಲ್ಲಿ ರಿಜಿಸ್ಟರಿಗೆ ನಿಮ್ಮ ಹೆಸರಿನ ಮುಂದೆ ಗಂಟೆ ಬರೆಯುವುದನ್ನು ನಿಂತು ನೋಡಿ, ಆಮೇಲೆ ಕಂಪನಿ ಆಫೀಸಿನಲ್ಲಿ ಸರ್ಟಿಫಿಕೇಟ್ ಒಪ್ಪಿಸಿ.